ಮಾವನವರ ಚೇತಕ್‌ಗೆ ನಾಲ್ಕು ಚಕ್ರ

ನಿಮ್ಮ ಮನೆಯ ಕೊಟ್ಟಿಗೆಯಲ್ಲೋ ಹಿತ್ತಲ ಷೆಡ್ಡಿನಲ್ಲೋ ಹಳೆಯ ಸ್ಕೂಟರೊಂದು ಗೋಣಿತಾಟು ಹೊದ್ದು ನಿಂತಿದೆಯೇ, ಸೋದರಿಯರೇ? ಹಾಗಿದ್ದರೆ ಗುಜರಿಯವನನ್ನು ಕೂಗುವ ಮೊದಲು ನಮ್ಮ ಹುಲ್ಲಹಳ್ಳಿ ಮನೆಯ ಸಂಗತಿ ಸ್ವಲ್ಪ ಕೇಳಿ.

ನಮ್ಮದು ಬಜಾಜ್ ಚೇತಕ್, ಮಾವನವರು ಕೊಂಡದ್ದು. 1972ರಲ್ಲಿ ಮಾರುಕಟ್ಟೆಗೆ ಬಂದ ಈ ಗಾಡಿಗೆ ಆಗೆಲ್ಲ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಮನೆಗೆ ಬಂದ ದಿನ ಅತ್ತೆಯವರು ಅದಕ್ಕೆ ಆರತಿ ಎತ್ತಿದ್ದರಂತೆ. (ಆಮೇಲೆ ನನಗೂ ಎತ್ತಿದರು, ಸ್ಕೂಟರಿಗಿದ್ದಷ್ಟು ಸಂಭ್ರಮ ಇತ್ತೋ ಇಲ್ಲವೋ ಹೇಳಲಾರೆ!) ಮಾವನವರು ತೀರಿಕೊಂಡ ಮೇಲೆ ಅದನ್ನು ಮುಟ್ಟಿದವರಿಲ್ಲ.

ಕೇಳಿದವಳು ನನ್ನ ನಾದಿನಿ. ಎಳೆತನದಲ್ಲೇ ಪೋಲಿಯೊ ಬಂದು ಅವಳ ಎಡಗಾಲು ಸೋತಿತ್ತು. ದೇಶ ಪೋಲಿಯೊ ಮುಕ್ತ ಎನಿಸಿದ್ದು 2014ರಲ್ಲಿ. ಅವಳ ಪಾಲಿಗೆ ತೀರ ತಡ. ಹೊಲಿಗೆಯಲ್ಲಿ ಬಲು ಒಳ್ಳೆಯ ಕೈ. ಆದರೆ ಲೈನಿಂಗ್ ಬಟ್ಟೆ, ದಾರ ತರಲು ನಂಜನಗೂಡಿಗೆ ಹೋಗಬೇಕೆಂದರೆ ಬಸ್ಸಿನ ಮೆಟ್ಟಿಲು ಅವಳಿಗೆ ಬೆಟ್ಟ. "ಅಣ್ಣಾ, ಇವತ್ತು ಬಿಡುವಿದ್ಯಾ?" ಅಂತ ಕೇಳಬೇಕು. ನಲವತ್ತು ದಾಟಿದ, ತಾನೇ ದುಡಿಯುವ ಹೆಂಗಸು ಒಂದು ದಾರದುಂಡೆಗೆ ಇನ್ನೊಬ್ಬರ ಮುಖ ನೋಡುವುದೆಂದರೆ ಹೇಗಿರುತ್ತೆ, ನೀವೇ ಯೋಚಿಸಿ.

"ಅತ್ತಿಗೆ, ಅಪ್ಪನ ಗಾಡಿಗೆ ಪಕ್ಕದಲ್ಲಿ ಎರಡು ಚಕ್ರ ಹಾಕಿಸಿಕೊಟ್ರೆ ನಾನೇ ಓಡಿಸ್ತೀನಿ" ಅಂದಳು. ಅತ್ತೆಯವರು ಕೆರಳಿದರು. "ಬಿದ್ದುಗಿದ್ದರೆ ಯಾರಮ್ಮ ನೋಡ್ಕೊಳ್ಳೋರು? ಅವರು ಇದ್ದಿದ್ರೆ ಒಪ್ತಿದ್ರಾ?" ಆಗ ನಾನು ಮೈಸೂರಿನ ಕೃಷ್ಣಕುಮಾರ್ ಅವರ ವಿಷಯ ತೆಗೆದೆ. 2018ರಲ್ಲಿ ಅವರು ತಾಯಿ ಚೂಡಾರತ್ನಮ್ಮನವರನ್ನು ಹಿಂದೆ ಕೂರಿಸಿಕೊಂಡು ದೇಶದ ತೀರ್ಥಕ್ಷೇತ್ರಗಳಿಗೆ ಹೊರಟದ್ದು, ತಂದೆ ಕೊಡಿಸಿದ್ದ ಇಂಥದೇ ಚೇತಕ್ ಮೇಲೆ. ಅತ್ತೆ ಒಪ್ಪಲಿಲ್ಲ, ಆದರೆ ಬೇಡ ಅನ್ನುವುದನ್ನು ನಿಲ್ಲಿಸಿದರು. ನಮಗೆ ಅಷ್ಟೇ ಸಾಕಾಯಿತು.

ಮೆಕ್ಯಾನಿಕ್ ಬಂದು ನೋಡಿದ. ಪೆಟ್ರೋಲು ಆರಿ ಕಾರ್ಬೊರೇಟರಿನಲ್ಲಿ ಅಂಟಾಗಿತ್ತು, ಟ್ಯಾಂಕಿನೊಳಗೆ ತುಕ್ಕು. ಪಿಸ್ಟನ್ ಹಿಡಿದುಕೊಂಡಿತ್ತು. ಪ್ಲಗ್ ಬಿಚ್ಚಿ ಆ ತೂತಿನಿಂದ ಎಣ್ಣೆ ಬಿಟ್ಟು ಎರಡು ದಿನ ಹಾಗೇ ಬಿಟ್ಟ. ಮೂರನೆಯ ದಿನ ಮೆಲ್ಲಗೆ ಅಲುಗಾಡಿತು. ರಬ್ಬರು, ಕೇಬಲ್ಲು, ಟೈರು ಎಲ್ಲ ಹೊಸದು. ಇದು ಟೂ ಸ್ಟ್ರೋಕ್ ಇಂಜಿನ್ನು, ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ ಎಣ್ಣೆ ಬೆರೆಸಬೇಕು. ಒಗ್ಗರಣೆಯ ಹದ ಇದ್ದ ಹಾಗೆ: ಹೆಚ್ಚಾದರೆ ಬರೀ ಹೊಗೆ, ಕಡಿಮೆಯಾದರೆ ಇಂಜಿನ್ನೇ ಹಿಡಿದುಕೊಳ್ಳುತ್ತೆ.

ಚೇತಕ್‌ನಲ್ಲಿ ಕ್ಲಚ್ಚು, ಗೇರು ಎರಡೂ ಎಡಗೈಯಲ್ಲಿ. ಹಿಂದಿನ ಬ್ರೇಕು ಬಲಗಾಲಿಗೆ. ಹಾಗಾಗಿ ಎಡಗಾಲಿಗೆ ಕೆಲಸವೇ ಇಲ್ಲ! ಸೋತದ್ದು ಬಲಗಾಲಾದರೆ ಬ್ರೇಕನ್ನು ಕೈಗೆ ತರಿಸಬೇಕು. ಕಿಕ್ಕರ್ ಬಲಗಡೆ ಇರುವುದರಿಂದ, ವೆಲ್ಡಿಂಗ್ ಮಾಡುವವರಿಗೆ ಹೇಳಿ ಚಕ್ರದ ಪೈಪನ್ನು ಅದಕ್ಕೆ ತಾಗದಂತೆ ಹಿಂದಕ್ಕೆ ಸರಿಸಿದೆವು. ಈಗ ಕೂತೇ ಒತ್ತುತ್ತಾಳೆ. ಎಡಗಡೆ ಊರುಗೋಲಿಗೆ ಒಂದು ಕೊಕ್ಕೆ. ಸೀರೆ ಸಿಕ್ಕದಂತೆ ಚಕ್ರಗಳಿಗೆ ತಗಡಿನ ಮರೆ. ಹಿಂಬದಿ ಚಕ್ರದ ಅರ್ಧವಾದರೂ ಮುಚ್ಚಿರಬೇಕೆಂದು 1989ರ ಮೋಟಾರು ವಾಹನ ನಿಯಮವೇ ಹೇಳುತ್ತೆ. ನಮ್ಮಂಥವರ ಸೆರಗನ್ನು ನೆನೆದವರೂ ಇದ್ದರು ನೋಡಿ.

ಮೊದಲು ನಿಮ್ಮ ಗೇಟು ಅಳೆಯಿರಿ. ಪಕ್ಕದ ಚಕ್ರ ಬಂದರೆ ಗಾಡಿ ಅಗಲವಾಗುತ್ತೆ, ತಿರುವಿನಲ್ಲಿ ವಾಲುವುದಿಲ್ಲ. ಆಟೋ ತಿರುಗಿಸುವಂತೆ ನಿಧಾನವಾಗಿ ತಿರುಗಿಸಬೇಕು. ರಿವರ್ಸ್ ಇಲ್ಲದ್ದರಿಂದ ನಿಲ್ಲಿಸುವಾಗಲೇ ಮುಖ ರಸ್ತೆ ಕಡೆಗಿರಲಿ. ಮಾಡಿದ ಬದಲಾವಣೆ, ಬಣ್ಣವೂ ಸೇರಿ, ಆರ್‌ಸಿಯಲ್ಲಿ ಬರೆಸಬೇಕು, ಓಡಿಸುವವರ ಲೈಸೆನ್ಸೂ ಅಂಥ ವಾಹನಕ್ಕೇ ಇರಬೇಕು. 15 ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಣ ಐದೈದು ವರ್ಷಕ್ಕೆ. ಇದಕ್ಕೆಲ್ಲ ಒಂದು ಕಚೇರಿಗೆ ನಾಲ್ಕು ಸಲ ಅಲೆದೆವು. ಕಾಲಿಲ್ಲದವರ ಕೆಲಸದ ಕೋಣೆ ಅಲ್ಲಿ ಮಹಡಿಯ ಮೇಲಿತ್ತು!

ಹೊಸದಾಗಿ ಕೊಳ್ಳುವವರಾದರೆ ಗೇರಿಲ್ಲದ ಗಾಡಿಯೇ ಸುಲಭ, ಅದನ್ನು ಮುಚ್ಚಿಡುವುದಿಲ್ಲ. ನಮ್ಮವಳಿಗೆ ಅಪ್ಪನ ಗಾಡಿಯೇ ಬೇಕಿತ್ತು. ಬಣ್ಣ ಮಾತ್ರ ತನ್ನದೇ, ಮಾವಿನ ಚಿಗುರಿನದು.

ಒಬ್ಬಳೇ ನಂಜನಗೂಡಿಗೆ ಹೋದ ದಿನ ಅತ್ತೆ ಮಧ್ಯಾಹ್ನದಿಂದ ಜಗಲಿ ಬಿಟ್ಟು ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬೀದಿಯ ಕೊನೆಯಲ್ಲಿ ಆ ಹಳೆಯ ಸದ್ದು ಕೇಳಿತು. "ಅವರೇ ಬಂದ ಹಾಗಾಯ್ತು" ಅಂದು ಒಳಗೆ ಹೋಗಿ ಕಾಫಿಗೆ ಇಟ್ಟರು.

ಮೊನ್ನೆ ನನಗೇ ಪೇಟೆಯಲ್ಲಿ ಕೆಲಸವಿತ್ತು. "ಬಿಡುವಿದ್ಯೇನೇ?" ಅಂದೆ. "ನಾಳೆ ಎರಡು ಬ್ಲೌಸ್ ಕೊಡೋದಿದೆ ಅತ್ತಿಗೆ, ನಾಡಿದ್ದು ನೋಡೋಣ" ಅಂದಳು.