ಹಗ್ಗದ ಮೇಲೆ ನಡೆದವರ ವಂಶಾವಳಿ

ರಾಯಚೂರಿನಿಂದ ಹೈದರಾಬಾದಿನ ರಸ್ತೆ ಹಿಡಿದು ಸುಮಾರು 20 ಕಿ.ಮೀ. ಹೋದರೆ ದೇವಸುಗೂರು ಸಿಗುತ್ತದೆ. ಊರಿಗಿಂತ ಮೊದಲು ಕಾಣುವುದು ಪಕ್ಕದ ಶಕ್ತಿನಗರದ ಚಿಮಣಿಗಳು. ಅಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಇಂದು ಎಂಟು ಘಟಕಗಳಿವೆ. ಎಲ್ಲ ಸೇರಿ 1,720 ಮೆಗಾವಾಟ್. ಊರ ಬದಿಗೆ ಕೃಷ್ಣಾ ನದಿ, ಅದರ ಮೇಲೆ ನಿಜಾಮರ ಕಾಲದ ಹಳೆಯ ಸೇತುವೆ. ಹೊಳೆ ದಾಟಿದರೆ ತೆಲಂಗಾಣ.

ಊರಿನ ದೇವರು ಸೂಗೂರೇಶ್ವರ. ವೀರಭದ್ರನ ರೂಪ ಎಂದು ಭಕ್ತರು ನಂಬುತ್ತಾರೆ. ನಮ್ಮ ಸೀಮೆಯಲ್ಲಿ ಸೂಗಪ್ಪ, ಸೂಗಮ್ಮ, ಸೂಗಯ್ಯ, ಸೂಗನಗೌಡ ಎಂಬ ಹೆಸರು ಕೇಳಿದರೆ ಅದರ ಬೇರು ಇಲ್ಲಿದೆ ಎಂದು ತಿಳಿಯಿರಿ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಖಾತೆದಾರರ ಲೆಡ್ಜರಿನಲ್ಲಿ ‘ಸೂ’ ಅಕ್ಷರದ ಪುಟಗಳೇ ದಪ್ಪ. ಒಬ್ಬ ಸೂಗಪ್ಪನನ್ನು ಇನ್ನೊಬ್ಬ ಸೂಗಪ್ಪನಿಂದ ಬೇರೆ ಮಾಡಲು ಅಪ್ಪನ ಹೆಸರು ಕೇಳಬೇಕು, ಅದೂ ಒಂದೇ ಆದರೆ ಅಜ್ಜನ ಹೆಸರು. ಹೀಗೆ ಲೆಕ್ಕ ಬರೆಯುತ್ತ ಬರೆಯುತ್ತ ಜನರ ವಂಶ ಕೆದಕುವ ಚಟ ನನಗೆ ಹತ್ತಿತು. ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ.

ಮಕ್ಕಳೇ, ನಮ್ಮ ನಾಡಿನಲ್ಲಿ ವಂಶಾವಳಿ ಬರೆದಿಡುವುದನ್ನೇ ಕಾಯಕ ಮಾಡಿಕೊಂಡವರಿದ್ದಾರೆ. ಅವರೇ ಹೆಳವರು. ಹೆಳವ ಎಂದರೆ ಕಾಲಿಲ್ಲದವ. ಮೊದಲೆಲ್ಲ ಅವರು ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಊರಿಗೆ ಬರುತ್ತಿದ್ದರು. ಮನೆಯ ಮುಂದೆ ನಿಂತು ನಿಮ್ಮ ಮುತ್ತಜ್ಜ ಯಾರು, ಎಲ್ಲಿಂದ ಬಂದ, ಅವನಿಗೆ ಎಷ್ಟು ಮಕ್ಕಳು ಎಂದು ಗಡಗಡನೆ ಹೇಳುವರು. ಹೊಸದಾಗಿ ಹುಟ್ಟಿದ ಮಗುವಿನ ಹೆಸರನ್ನು ತಮ್ಮ ಹೊತ್ತಿಗೆಯಲ್ಲಿ ಸೇರಿಸಿಕೊಂಡು, ಕಾಳು ಕಡಿ ಪಡೆದು ಮುಂದಿನ ಊರಿಗೆ ನಡೆಯುವರು. ನಿಮ್ಮ ಮನೆಯ ಅಜ್ಜಿಯನ್ನು ಕೇಳಿ, ಹೆಳವರನ್ನು ಕಂಡಿರುತ್ತಾರೆ.

ಒಂದೇ ಊರಿನಲ್ಲಿ ಹೊಲ ಮಾಡಿಕೊಂಡಿರುವವರ ಬಾಗಿಲಿಗೆ ಹೆಳವರು ಬಂದಾರು. ಆದರೆ ಬಾಗಿಲೇ ಇಲ್ಲದವರ ವಂಶ ಬರೆಯುವವರು ಯಾರು? ಈ ಪ್ರಶ್ನೆ ನನಗೆ ಹುಟ್ಟಿದ್ದು ಕಳೆದ ಚಳಿಗಾಲ, ಸೂಗೂರೇಶ್ವರನ ಜಾತ್ರೆಯಲ್ಲಿ.

ತೇರಿನ ಬೀದಿಯಿಂದ ಸ್ವಲ್ಪ ದೂರದಲ್ಲಿ ಒಂದು ಕುಟುಂಬ ದೊಂಬರಾಟ ಹೂಡಿತ್ತು. ಎರಡೆರಡು ಬಿದಿರು ಗಳಗಳನ್ನು ಕತ್ತರಿಯಂತೆ ಕಟ್ಟಿ, ನಡುವೆ ಹಗ್ಗ ಬಿಗಿದಿದ್ದರು. ನಡುವಯಸ್ಸಿನ ಒಬ್ಬ, ಕೈಯಲ್ಲಿ ಉದ್ದನೆಯ ಕೋಲು ಹಿಡಿದು ಹಗ್ಗದ ಮೇಲೆ ಹೆಜ್ಜೆ ಇಡುತ್ತಿದ್ದ. ಕೆಳಗೆ ಅವನ ಅಪ್ಪ ಡೋಲು ಬಾರಿಸುತ್ತಿದ್ದರು.

ಆ ಕೋಲು ಯಾಕೆ ಬೇಕು ಎಂದು ನೀವು ಕೇಳಬಹುದು. ಬೇಕಾದರೆ ಮನೆಯ ಅಂಗಳದಲ್ಲಿ ನೆಲದ ಮೇಲೇ ಒಂದು ಗೆರೆ ಎಳೆದು, ಎರಡೂ ಕೈ ಚಾಚಿ ನಡೆದು ನೋಡಿ. ಕೈ ಕಟ್ಟಿಕೊಂಡು ನಡೆಯುವುದಕ್ಕಿಂತ ಸುಲಭ. ಭಾರ ಬದಿಗೆ ಹರಡಿದಷ್ಟೂ ದೇಹ ನಿಧಾನವಾಗಿ ವಾಲುತ್ತದೆ. ತಿದ್ದಿಕೊಳ್ಳಲು ಒಂದು ಗಳಿಗೆ ಹೆಚ್ಚು ಸಿಗುತ್ತದೆ. ಕೋಲಿನ ತುದಿಗಳು ಕೆಳಗೆ ಬಾಗಿದ್ದರೆ ಭಾರದ ಕೇಂದ್ರವೂ ಕೊಂಚ ಕೆಳಗಿಳಿಯುತ್ತದೆ. ಹಗ್ಗದ ಮೇಲೆ ಆ ಒಂದು ಗಳಿಗೆಯೇ ಜೀವ.

ಆಟ ಮುಗಿದ ಮೇಲೆ ಡೋಲಿನ ಅಜ್ಜನ ಪಕ್ಕ ಕುಳಿತೆ. ವಯಸ್ಸು ನನ್ನದಕ್ಕಿಂತ ತುಸು ಹೆಚ್ಚು. ಹತ್ತಿರದಲ್ಲೇ ಹನ್ನೊಂದು ವರ್ಷದ ಮೊಮ್ಮಗಳು ಪುಸ್ತಕ ತೆರೆದು ಕೂತಿದ್ದಳು. “ಇಕಿನ್ನ ಹಗ್ಗ ಹತ್ತಸಂಗಿಲ್ಲರಿ, ಓದಸ್ತೀವಿ” ಎಂದರು. ಒಳ್ಳೆಯ ಮಾತು. ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದನ್ನು ತಡೆಯಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಆದೇಶ ಕೊಟ್ಟಿದೆ. ಆದರೆ ಅಜ್ಜನ ಚಿಂತೆ ಬೇರೆ. ಹುಡುಗಿಯನ್ನು ವಸತಿ ಶಾಲೆಗೆ ಸೇರಿಸಬೇಕು, ಜಾತಿ ಪ್ರಮಾಣಪತ್ರ ಬೇಕು, ಅದರ ಅರ್ಜಿಯಲ್ಲಿ ‘ಸ್ವಂತ ಊರು’ ಎಂಬ ಕಡೆ ಏನೂ ಬರೆಯದೆ ತಿಂಗಳುಗಳಾಗಿವೆ.

“ಸ್ವಂತ ಊರು ಯಾವ್ದಂತ ಹೇಳ್ಲಿ ಸರ? ನಾ ಹುಟ್ಟಿದ್ದು ಇದ ಜಾತ್ರ್ಯಾಗ. ನಮ್ಮಪ್ಪ ತಿಂಥಣಿ ಜಾತ್ರ್ಯಾಗ. ನಮ್ಮವ್ವ ಗುರುಗುಂಟ್ಯಾಗ.”

ನನ್ನ ಚೀಲದಲ್ಲಿ ಯಾವಾಗಲೂ ಗೆರೆ ಹಾಕಿದ ಉದ್ದನೆಯ ಹಾಳೆ ಇರುತ್ತದೆ. ತೆಗೆದು ಕಂಬಸಾಲು ಹಾಕಿದೆ: ಹೆಸರು, ಹುಟ್ಟಿದ ಜಾತ್ರೆ, ಯಾವ ವರ್ಷ. ವರ್ಷ ಅಂಕಿಯಲ್ಲಿ ಅವರಿಗೆ ಗೊತ್ತಿಲ್ಲ, ಘಟನೆಯಲ್ಲಿ ಗೊತ್ತು. ಅಜ್ಜ ಹುಟ್ಟಿದ್ದು ‘ಪೊಲೀಸ್ ಆ್ಯಕ್ಷನ್ ಆದ ವರ್ಷ’. ಹೈದರಾಬಾದ್ ಸಂಸ್ಥಾನಕ್ಕೆ ಭಾರತದ ಸೇನೆ ಬಂದದ್ದು 1948ರ ಸೆಪ್ಟೆಂಬರಿನಲ್ಲಿ; ಹಾಗಾದರೆ ಅದೇ ವರ್ಷದ ಚಳಿಗಾಲದ ಜಾತ್ರೆ. ದೊಡ್ಡ ಮಗಳು ಹುಟ್ಟಿದ್ದು ‘ದೊಡ್ಡ ಬರದಾಗ’, ಎಂದರೆ 1972. ಮಗ ಹುಟ್ಟಿದ್ದು ‘ಚಿಮಣಿ ಹೊಗಿ ಬಿಟ್ಟ ವರ್ಷ’, ಎಂದರೆ 1985. ಇತಿಹಾಸದ ಪುಸ್ತಕ ಅವರ ನಾಲಿಗೆಯ ಮೇಲೇ ಇತ್ತು.

ಹಾಳೆ ತುಂಬಿದಂತೆ ಒಂದು ಸೋಜಿಗ ಕಂಡಿತು. ಹೊಲ ಮನೆ ಇದ್ದವರ ವಂಶಾವಳಿ ಮರದಂತೆ ನೇರ ಕೆಳಗಿಳಿಯುತ್ತದೆ. ಇವರದು ನಕ್ಷೆಯಂತೆ ಅಡ್ಡಡ್ಡ ಹರಿಯಿತು. ಡಿಸೆಂಬರಿಗೆ ದೇವಸುಗೂರು, ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗ, ಬನದ ಹುಣ್ಣಿಮೆಗೆ ಸಿಂಧನೂರು ಕಡೆಯ ಅಂಬಾಮಠ, ಭಾರತ ಹುಣ್ಣಿಮೆಗೆ ದೇವದುರ್ಗ ದಾಟಿ ತಿಂಥಣಿಯ ಮೌನೇಶ್ವರ, ಹೋಳಿ ಹುಣ್ಣಿಮೆಗೆ ಗುರುಗುಂಟದ ಅಮರೇಶ್ವರ. ಸುಗ್ಗಿ ಮುಗಿದು ರೈತನ ಕೈಯಲ್ಲಿ ನಾಲ್ಕು ಕಾಸು ಇರುವಾಗ ನಡೆಯುವ ಜಾತ್ರೆಗಳಿವು. ಯಾವ ಜಾತ್ರೆಯಲ್ಲಿ ಹೆರಿಗೆಯಾಯಿತೋ ಆ ದೇವರ ಹೆಸರೇ ಮಗುವಿಗೆ.

ಇಲ್ಲಿ ನನಗೆ ನೆನಪಾದದ್ದು ಜರ್ಮನಿಯ ವಲೆಂಡಾ ಮನೆತನ. ಹಗ್ಗದ ಮೇಲೆ ನಡೆಯುವುದರಲ್ಲಿ ಜಗತ್ತಿಗೇ ಹೆಸರಾದ ಸರ್ಕಸ್ ಕುಟುಂಬವದು. ಕಾರ್ಲ್ ವಲೆಂಡಾ ಹುಟ್ಟಿದ್ದು 1905ರಲ್ಲಿ, ಜರ್ಮನಿಯ ಮಾಗ್ಡೆಬುರ್ಗ್ ಊರಿನಲ್ಲಿ. ಚಿಕ್ಕಂದಿನಿಂದಲೇ ಆಟಕ್ಕಿಳಿದ. 1928ರಲ್ಲಿ ಮನೆಯವರೊಂದಿಗೆ ಅಮೆರಿಕಕ್ಕೆ ಹೋಗಿ ರಿಂಗ್ಲಿಂಗ್ ಸರ್ಕಸ್ಸಿನಲ್ಲಿ ಕೆಳಗೆ ಬಲೆಯಿಲ್ಲದೆ ಆಡಿ ಜನರನ್ನು ಬೆರಗುಗೊಳಿಸಿದ. ಏಳು ಜನ ಒಬ್ಬರ ಮೇಲೊಬ್ಬರು ನಿಂತು ತಂತಿಯ ಮೇಲೆ ನಡೆಯುವ ಗೋಪುರ ಅವರ ಹೆಗ್ಗುರುತು. 1962ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಆ ಗೋಪುರ ಕುಸಿದು ಇಬ್ಬರು ಸತ್ತರು. 1978ರಲ್ಲಿ, ತನ್ನ 73ನೆಯ ವಯಸ್ಸಿನಲ್ಲಿ, ಪೋರ್ಟೊ ರಿಕೊದ ಸಾನ್ ಹುವಾನಿನಲ್ಲಿ ಎರಡು ಕಟ್ಟಡಗಳ ನಡುವೆ ನಡೆಯುವಾಗ ಕಾರ್ಲ್ ಕೂಡ ಬಿದ್ದು ತೀರಿಕೊಂಡ. ಆದರೂ ಮನೆತನ ಹಗ್ಗ ಬಿಡಲಿಲ್ಲ. 2011ರಲ್ಲಿ ಕಾರ್ಲನ ಮರಿಮಗ ನಿಕ್, ತನ್ನ ತಾಯಿ ಡೆಲೈಲಾ ಜೊತೆ ಅದೇ ಸಾನ್ ಹುವಾನಿನಲ್ಲಿ ಮುತ್ತಜ್ಜ ಮುಗಿಸದ ನಡಿಗೆಯನ್ನು ಮುಗಿಸಿದ. ಮರುವರ್ಷ ನಯಾಗರಾ ಜಲಪಾತವನ್ನೇ ದಾಟಿದ.

ಈಗ ಆ ವಂಶದ ಕೊಂಡಿ ನೋಡಿ. ಕಾರ್ಲನ ಮಗಳು ಜೆನ್ನಿ, ಜೆನ್ನಿಯ ಮಗಳು ಡೆಲೈಲಾ, ಡೆಲೈಲಾಳ ಮಗ ನಿಕ್. ನಡುವಿನ ಎರಡೂ ಕೊಂಡಿ ಹೆಣ್ಣುಮಕ್ಕಳು. ತಂದೆ, ತಂದೆಯ ತಂದೆ ಎಂದು ಮಾತ್ರ ಬರೆಯುತ್ತ ಹೋಗಿದ್ದರೆ ನಿಕ್‌ನಿಂದ ಕಾರ್ಲನ ಬಳಿಗೆ ದಾರಿಯೇ ಸಿಗುತ್ತಿರಲಿಲ್ಲ.

ಅದಕ್ಕೇ ನಾನು ಅಜ್ಜನ ಹಾಳೆಯಲ್ಲಿ ನಾಲ್ಕನೆಯ ಕಂಬಸಾಲು ಹಾಕಿದೆ: ‘ಯಾರಿಂದ ಕಲಿತದ್ದು’. ಉತ್ತರ ಥಟ್ಟನೆ ಬಂತು. “ನಮ್ಮವ್ವ ಕಲಿಸಿದ್ಲರಿ. ಆಕಿಗೆ ಆಕಿ ಸೋದರತ್ತಿ.” ಇಲ್ಲಿಯೂ ವಿದ್ಯೆ ಹೆಂಗಸರ ಕೈಯಿಂದಲೇ ಇಳಿದಿತ್ತು! ಇದರಲ್ಲಿ ನಮ್ಮ ಜಿಲ್ಲೆಗೆ ಹೊಸದೇನಿಲ್ಲ. ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರಿಂದ ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರಿಗೆ, ಅವರಿಂದ ಮಾನ್ವಿಯ ಜಗನ್ನಾಥದಾಸರಿಗೆ ಹರಿದ ದಾಸಪರಂಪರೆಯೂ ಒಂದು ವಂಶಾವಳಿಯೇ. ಅಲ್ಲಿ ರಕ್ತವಲ್ಲ, ವಿದ್ಯೆ ಮುಖ್ಯ. ಭಾರತದ ಸರ್ಕಸ್ಸಿಗೂ ಇಂಥ ಪರಂಪರೆ ಇದೆ. 1880ರಲ್ಲಿ ಮುಂಬೈಯಲ್ಲಿ ಮೊದಲ ಭಾರತೀಯ ಸರ್ಕಸ್ ತೆರೆದ ವಿಷ್ಣುಪಂತ ಛತ್ರೆ, ಅವರ ಸಂಪರ್ಕಕ್ಕೆ ಬಂದ ಕೇರಳದ ಕಳರಿ ಗುರು ಕೀಲೇರಿ ಕುಞಿಕಣ್ಣನ್, ತಲಶ್ಶೇರಿಯ ಕಡೆ ಕುಞಿಕಣ್ಣನ್ ಕಟ್ಟಿದ ಸರ್ಕಸ್ ಶಾಲೆ, ಅಲ್ಲಿ ತಯಾರಾದ ಶಿಷ್ಯರು, ಹೀಗೆ.

ಜರ್ಮನಿಯಲ್ಲಿ ಅಲೆಮಾರಿ ಕಲಾವಿದರ ವಂಶ ಹುಡುಕುವುದು ಸುಲಭವಲ್ಲ, ಆದರೆ ಸಾಧ್ಯ. ಚರ್ಚುಗಳಲ್ಲಿ ನಾಮಕರಣ, ಮದುವೆ, ಮಣ್ಣಿನ ಪುಸ್ತಕಗಳಿದ್ದವು. 1876ರಿಂದ ಆ ದೇಶದಲ್ಲೆಲ್ಲ ಜನನ ಮರಣಗಳ ಸರ್ಕಾರಿ ನೋಂದಣಿ ಬಂತು. ಡೇರೆ ಬಿದ್ದ ಊರಿನಲ್ಲಿ ಹುಟ್ಟಿದ ಮಗುವಿನ ಹೆಸರು ಆ ಊರಿನ ಪುಸ್ತಕಕ್ಕೆ ಸೇರುತ್ತಿತ್ತು. ನಮ್ಮಲ್ಲಿ ಇಡೀ ದೇಶಕ್ಕೆ ಒಂದೇ ಜನನ ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ.

ನಮ್ಮ ಅಲೆಮಾರಿಗಳ ಹೆಸರು ಹಿಂದೆ ಎಲ್ಲೂ ಬರೆದೇ ಇರಲಿಲ್ಲವೆಂದಲ್ಲ. ಬರೆದ ಪುಸ್ತಕ ಬೇರೆಯದು. ಮುಂಬೈ ಮತ್ತು ಮದ್ರಾಸಿನ ರೈಲು ಹಳಿಗಳು ನಮ್ಮ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಅದೇ ವರ್ಷ ಬ್ರಿಟಿಷರು ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆಯುವ ಕಾನೂನು ಮಾಡಿದರು. 1911ರಲ್ಲಿ ಅದು ಮದ್ರಾಸ್ ಪ್ರಾಂತಕ್ಕೂ ಹಬ್ಬಿತು. ಅಲ್ಲಿ ದೊಂಬರಲ್ಲಿ ಕೆಲವರೂ ಅದರಡಿ ಬಂದರು. ಊರು ಬಿಟ್ಟು ಊರಿಗೆ ಹೋಗುವವರು ಪೊಲೀಸರ ಮುಂದೆ ಹಾಜರಿ ಹಾಕಬೇಕಿತ್ತು. ಆ ಕಾನೂನು ರದ್ದಾದದ್ದು 1952ರಲ್ಲಿ. ಇಂದು ಕರ್ನಾಟಕದಲ್ಲಿ ದೊಂಬರು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಆದರೂ ಗೊಂದಲ ಕಂಡಲ್ಲೆಲ್ಲ ‘ಇದೇನು ದೊಂಬರಾಟ’ ಎಂದು ಬೈಯುವ ಚಾಳಿ ನಮಗೆ ಹೋಗಿಲ್ಲ. ಒಂದು ಹೆಜ್ಜೆ ತಪ್ಪದಂತೆ ಇಡುವ ಆಟಕ್ಕೂ ಗೊಂದಲಕ್ಕೂ ಏನು ಸಂಬಂಧ, ನೀವೇ ಹೇಳಿ.

ಸರಿ, ಅಜ್ಜನ ಹಾಳೆಗೆ ಬರೋಣ. ಹುಟ್ಟಿದ ಊರುಗಳು ಐದು ದಿಕ್ಕಿಗೆ ಹರಡಿದ್ದವು. ಸ್ವಂತ ಊರು ಮಾತ್ರ ಸಿಗಲಿಲ್ಲ. ಆಗ ವಲೆಂಡಾ ಮನೆತನದ ಇನ್ನೊಂದು ಸಂಗತಿ ಹೊಳೆಯಿತು. ಸರ್ಕಸ್ಸಿನವರು ವರ್ಷವಿಡೀ ತಿರುಗುವುದಿಲ್ಲ. ಅಲ್ಲಿ ಚಳಿಗಾಲಕ್ಕೆ ಒಂದು ಕಡೆ ತಂಗುತ್ತಾರೆ. ರಿಂಗ್ಲಿಂಗ್ ಸರ್ಕಸ್ಸಿನ ಚಳಿಗಾಲದ ಬೀಡು 1927ರಿಂದ ಫ್ಲೋರಿಡಾದ ಸರಸೋಟಾದಲ್ಲಿತ್ತು. ವಲೆಂಡಾಗಳು ಮನೆ ಮಾಡಿ ನೆಲೆನಿಂತದ್ದೂ ಅಲ್ಲೇ. ನಮ್ಮಲ್ಲಿ ಆಟ ನಿಲ್ಲುವುದು ಮಳೆಗಾಲಕ್ಕೆ. ಹಾಗಾಗಿ ಪ್ರಶ್ನೆ ಬದಲಿಸಿದೆ.

“ಮಳಿಗಾಲದಾಗ ಎಲ್ಲಿರ್ತೀರಿ? ನಿಮ್ಮ ಹಿರೇರನ್ನ ಎಲ್ಲಿ ಮಣ್ಣು ಮಾಡೀರಿ?”

ಅಜ್ಜ ಡೋಲಿನ ಮೇಲಿನ ಕೈ ತೆಗೆದರು. ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಹೇಳಿದರು. ಅಪ್ಪ ಅಲ್ಲಿ, ಅವ್ವ ಅಲ್ಲಿ, ಅವ್ವನ ಸೋದರತ್ತೆಯೂ ಅಲ್ಲೇ, ಊರ ಹೊರಗಿನ ಬೇವಿನ ಮರದ ಕೆಳಗೆ. ಹುಟ್ಟಿದ್ದು ಎಲ್ಲೆಲ್ಲೋ, ಮಣ್ಣಾದದ್ದು ಒಂದೇ ಕಡೆ. ನಾಲ್ಕು ತಲೆಮಾರಿನ ಸ್ವಂತ ಊರು ಆ ಮರದ ಕೆಳಗಿತ್ತು.

ಆ ಹಾಳೆ ಸರ್ಕಾರಿ ದಾಖಲೆಯಲ್ಲ. ಆದರೆ ವಿಚಾರಣೆಗೆ ಯಾವ ಊರಿಗೆ ಹೋಗಬೇಕು, ಯಾವ ಹಿರಿಯರನ್ನು ಕೇಳಬೇಕು ಎಂದು ಅದು ದಾರಿ ತೋರುತ್ತದೆ. ಅರ್ಜಿಯ ಖಾಲಿ ಜಾಗದಲ್ಲಿ ಊರಿನ ಹೆಸರನ್ನು ಹುಡುಗಿಯೇ ಬರೆದಳು, ದುಂಡಗಿನ ಅಕ್ಷರದಲ್ಲಿ. ಹಾಳೆಯ ಒಂದು ಪ್ರತಿಯನ್ನೂ ಬರೆದುಕೊಂಡಳು. ನಾಲ್ಕನೆಯ ಕಂಬಸಾಲಿನಲ್ಲಿ ತನ್ನ ಹೆಸರಿನ ಮುಂದೆ ‘ಟೀಚರ್’ ಎಂದು ಸೇರಿಸಿದಳು.

ರಾಯಚೂರಿನ ಕೋಟೆಯಲ್ಲಿ 1294ರ ಒಂದು ಶಾಸನವಿದೆ, ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ. ಕೋಟೆ ಕಟ್ಟಿಸಿದವರ ಹೆಸರು ಅದರಲ್ಲಿದೆ. ಪಕ್ಕದಲ್ಲಿ, ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ ತರುವ ಚಿತ್ರವನ್ನೂ ಕೊರೆದಿದ್ದಾರೆ. ಎಳೆದವರ ಚಿತ್ರವಿದೆ, ಹೆಸರಿಲ್ಲ. ರಾಯಚೂರಿಗೆ ಬಂದರೆ ಅದನ್ನು ನೋಡಿ, ಆಮೇಲೆ ದೇವಸುಗೂರಿಗೆ ಹೋಗಿ.

ರಜೆಯಲ್ಲಿ ನಿಮ್ಮ ಮನೆಯ ಹಾಳೆಯನ್ನೂ ಬರೆಯಿರಿ. ನಿಮ್ಮ ಹೆಸರಿನಿಂದ ಶುರು ಮಾಡಿ ಹಿಂದೆ ಹೋಗಿ. ಅಮ್ಮನ ಕಡೆಯನ್ನೂ ಅಷ್ಟೇ ಜಾಗ ಕೊಟ್ಟು ಬರೆಯಿರಿ. ಅಜ್ಜಿಗೆ ವರ್ಷ ನೆನಪಿಲ್ಲದಿದ್ದರೆ ಆಗ ಮಳೆ ಹೇಗಿತ್ತು, ಊರಿಗೆ ಕರೆಂಟ್ ಬಂದಿತ್ತೇ ಎಂದು ಕೇಳಿ. ರೊಟ್ಟಿ ತಟ್ಟುವುದು, ಲೆಕ್ಕ ಮಾಡುವುದು, ಹಾಡುವುದು, ಈಜುವುದು ಯಾರಿಂದ ಯಾರಿಗೆ ಬಂತು ಎಂದೂ ಒಂದು ಕಂಬಸಾಲು ಇರಲಿ. ಪೆನ್ಸಿಲಿನಲ್ಲಿ ಬರೆಯಿರಿ, ಇನ್ನೊಬ್ಬ ಅಜ್ಜಿ ಬಂದು ತಿದ್ದುವುದು ಖಂಡಿತ.