ಅದೇ ಹಾಡು, ಬೇರೆ ಬೀದಿ

ನಮ್ಮ ಕಡೆಯ ಹಳ್ಳಿಗಳಲ್ಲಿ ‘ಡಿಜೆ’ ಎಂಬ ಪದವು ನಪುಂಸಕ ಲಿಂಗಕ್ಕೆ ಸೇರಿಹೋಗಿದೆ. ‘ಡಿಜೆ ಬಂತು’, ‘ಡಿಜೆ ಕೆಟ್ಟು ನಿಂತಿದೆ’, ‘ಈ ಸಲ ಎರಡು ಡಿಜೆ ತರಿಸಿದ್ದಾರೆ’ ಎಂದೇ ಎಲ್ಲರೂ ಹೇಳುತ್ತಾರೆ. ಟ್ರ್ಯಾಕ್ಟರಿನ ಟ್ರೇಲರಿಗೋ ಲಾರಿಗೋ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಕಟ್ಟಿ, ಬಣ್ಣದ ದೀಪಗಳನ್ನು ತಿರುಗಿಸುತ್ತಾ ಬರುವ ಆ ವಾಹನವೇ ಅವರ ಪಾಲಿಗೆ ಡಿಜೆ. ಮೂಲದಲ್ಲಿ ಅದು ಮನುಷ್ಯನ ಹೆಸರು. ಡಿಸ್ಕ್ ಎಂದರೆ ಹಾಡಿನ ತಟ್ಟೆ, ಜಾಕಿ ಎಂದರೆ ಕುದುರೆ ಸವಾರ. ಯಾವ ತಟ್ಟೆಯಾದ ಮೇಲೆ ಯಾವ ತಟ್ಟೆ ಎಂದು ನಿರ್ಧರಿಸುವವನು ಆತ. ನಮ್ಮಲ್ಲಿ ಸವಾರನು ಕಣ್ಮರೆಯಾಗಿ ಕುದುರೆಯೊಂದೇ ಉಳಿಯಿತು. ವ್ಯಾಕರಣ ಕಲಿಸಿದವನಿಗೆ ಇಂಥವು ಕಣ್ಣಿಗೆ ಬೀಳುತ್ತವೆ, ಕ್ಷಮಿಸಿ.

ಶಿರಾದಲ್ಲಿರುವ ನನ್ನ ತಂಗಿಯ ಮಗಳು ಗಣಪತಿ ವಿಸರ್ಜನೆಯ ಮಾರನೆಯ ದಿನ ಪ್ರತಿವರ್ಷವೂ ದೂರವಾಣಿ ಮಾಡಿ ದೂರುತ್ತಾಳೆ: “ಮಾವ, ಅವರ ಪೆನ್ ಡ್ರೈವ್‌ನಲ್ಲಿ ಬೇರೆ ಹಾಡೇ ಇರೋದಿಲ್ವಾ? ರಾತ್ರಿಯೆಲ್ಲಾ ಅದದೇ!” ಈ ದೂರು ಅವಳೊಬ್ಬಳದಲ್ಲ. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲೂ ಕೆಲಸ ಮಾಡಿದ ನನಗೆ ಎಲ್ಲ ಕಡೆಯೂ ಶಿಷ್ಯರಿದ್ದಾರೆ, ನೆಂಟರಿದ್ದಾರೆ. ಎಲ್ಲ ಕಡೆಯಿಂದಲೂ ಇದೇ ಮಾತನ್ನು ಕೇಳಿದ್ದೇನೆ. ಅಚ್ಚರಿಯೂ ಇಲ್ಲಿಯೇ ಇದೆ. ಹೆಬ್ಬೆರಳಿನಷ್ಟು ಗಾತ್ರದ ಪೆನ್ ಡ್ರೈವಿನಲ್ಲಿ ಸಾವಿರಾರು ಹಾಡುಗಳು ಹಿಡಿಯುತ್ತವೆ. ಅಷ್ಟಿದ್ದೂ ಹತ್ತು ಹನ್ನೆರಡೇ ಏಕೆ ಮತ್ತೆ ಮತ್ತೆ ಕೇಳಿಬರುತ್ತವೆ?

ನಾವು ಚಿಕ್ಕವರಾಗಿದ್ದಾಗ, ಅಂದರೆ 1960ರ ದಶಕದ ಕೊನೆಯಲ್ಲಿ, ಮಧುಗಿರಿ ಸೀಮೆಯ ಮದುವೆಗಳಿಗೆ ಬರುತ್ತಿದ್ದುದು ಮೈಕ್ ಸೆಟ್ಟು. ಸೈಕಲ್ಲಿನ ಹಿಂದೆ ತಟ್ಟೆಗಳ ಪೆಟ್ಟಿಗೆ, ಎತ್ತಿನ ಗಾಡಿಯಲ್ಲಿ ಆಂಪ್ಲಿಫೈಯರ್, ಬ್ಯಾಟರಿ, ಕಹಳೆಯಾಕಾರದ ಹಾರ್ನು. ಹಾರ್ನನ್ನು ಹುಣಿಸೆ ಮರಕ್ಕೋ ತೆಂಗಿನ ಮರಕ್ಕೋ ಕಟ್ಟಿದರೆಂದರೆ ಸುತ್ತಲಿನ ಮೂರು ಹಳ್ಳಿಗೂ ಮದುವೆಯ ಸುದ್ದಿ ಮುಟ್ಟಿದಂತೆ. ಅವನಲ್ಲಿ ಇದ್ದುದು ಮೂವತ್ತು ನಲವತ್ತು ತಟ್ಟೆಗಳು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ಆದುದರಿಂದ ಆತನು ತಟ್ಟೆಯನ್ನು ತಿರುಗಲು ಬಿಟ್ಟು ಬೀಡಿ ಸೇದಲು ಹೋಗುವಂತಿರಲಿಲ್ಲ. ಮೂರು ಮೂರು ನಿಮಿಷಕ್ಕೂ ಒಂದು ನಿರ್ಧಾರವನ್ನು ಕೈಗೊಳ್ಳಬೇಕಾಗಿತ್ತು.

ಆ ನಿರ್ಧಾರಗಳಲ್ಲಿ ಒಂದು ಕ್ರಮವಿತ್ತು. ನಸುಕಿನಲ್ಲಿ ದೇವರ ಹಾಡು. ನೀರು ಕಾಯಿಸುವ ಹೊತ್ತಿಗೆ ಎಸ್. ಜಾನಕಿಯವರದೋ ಪಿ. ಬಿ. ಶ್ರೀನಿವಾಸರದೋ ಕಂಠ. ಧಾರೆಯ ಮುಹೂರ್ತಕ್ಕೆ ಮೈಕು ತಾನಾಗಿ ಬಾಯಿ ಮುಚ್ಚುತ್ತಿತ್ತು. ಅದು ಓಲಗದವರ ಗಟ್ಟಿಮೇಳದ ವೇಳೆ. ಎಲೆ ಹಾಕಿದ ಮೇಲೆ ಸಿನಿಮಾ ಹಾಡುಗಳು, ಹೆಣ್ಣು ಒಪ್ಪಿಸಿಕೊಡುವಾಗ ಎಲ್ಲರ ಕಣ್ಣೂ ಒದ್ದೆಯಾಗುವಂಥ ಒಂದು. ಬೆಳಗಿನಿಂದ ಸಂಜೆಯವರೆಗೆ ಕೇಳುಗರು ಅವರೇ, ಚಪ್ಪರವೂ ಅದೇ. ಒಂದೇ ತಟ್ಟೆಯನ್ನು ಅವಸರದಲ್ಲಿ ಎರಡು ಸಲ ಹಾಕಿದರೆ ಅಡಿಗೆಯ ಮನೆಯಿಂದಲೇ ಹೆಂಗಸರು ಕೂಗುತ್ತಿದ್ದರು. ಇರುವ ಮೂವತ್ತನ್ನೇ ನೂರೆಂಬಂತೆ ತೋರಿಸುವುದು ಅವನ ವಿದ್ಯೆಯಾಗಿತ್ತು.

ಹಾಗೆಂದು ನಮ್ಮ ಹಿರಿಯರಿಗೆ ಪುನರಾವರ್ತನೆ ಬೇಡವಾಗಿತ್ತು ಎಂದಲ್ಲ. ನಮ್ಮದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯೂ ಸೇರಿದಂತೆ ವೃತ್ತಿರಂಗಭೂಮಿಯ ನಾಟಕಗಳನ್ನು ನೋಡಿದವರು ‘ಒನ್ಸ್ ಮೋರ್’ ಎಂಬ ಕೂಗನ್ನು ಬಲ್ಲರು. ಇಂಗ್ಲಿಷಿನ ಒಂದಕ್ಷರವೂ ಬಾರದ ರೈತರು ಸಹ ಆ ಎರಡು ಪದಗಳನ್ನು ಕಂಠ ಬಿರಿಯುವಂತೆ ಕೂಗುತ್ತಿದ್ದರು. ರಂಗದ ಮೇಲೆ ಸತ್ತು ಬಿದ್ದ ಪಾತ್ರವು ಎದ್ದು ಕುಳಿತು ಹಾಡನ್ನು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯುತ್ತಿತ್ತು ಎಂದು ಹಿರಿಯರು ನಗುತ್ತಾ ಹೇಳುತ್ತಿದ್ದರು. ಕೇಳುಗನೇ ಬೇಡಿದ ಪುನರಾವರ್ತನೆ ಅದು.

ಈಗ ಸವಾರನ ಮಾತಿಗೆ ಬರುತ್ತೇನೆ. ಕೊರಟಗೆರೆಯ ಕಡೆ ಹತ್ತನೆಯ ತರಗತಿಯಲ್ಲಿ ನನ್ನ ಬಳಿ ಓದಿದ ಹುಡುಗನೊಬ್ಬ ಈ ಡಿಜೆ ಕಸುಬಿನಲ್ಲಿದ್ದಾನೆ. ಅವನಿಗೂ ಈಗ ನಲವತ್ತರ ಹತ್ತಿರ. ನನ್ನ ಬಾಯಿಗೆ ಇನ್ನೂ ಹುಡುಗನೇ. 2022ರ ಗಣಪತಿ ಹಬ್ಬದ ನಂತರ ಮನೆಗೆ ಬಂದಿದ್ದ. ಕೋವಿಡ್ ನಿರ್ಬಂಧಗಳಿಂದಾಗಿ 2020ರಲ್ಲೂ 2021ರಲ್ಲೂ ಮೆರವಣಿಗೆಗಳಿಲ್ಲದೆ ಅವನ ಪೆಟ್ಟಿಗೆಗಳು ಕೊಟ್ಟಿಗೆಯಲ್ಲಿ ದೂಳು ಹಿಡಿದಿದ್ದವು. ಈ ನಡುವೆ 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಿದ್ದರು. ಹಾಗಾಗಿ ಆ ವರ್ಷ ಎಲ್ಲ ಬೀದಿಗಳಲ್ಲೂ ಬೇಡಿಕೆ ಒಂದೇ ಹಾಡಿಗೆ: 2017ರ ‘ರಾಜಕುಮಾರ’ ಚಿತ್ರದ್ದು, 1971ರ ‘ಕಸ್ತೂರಿ ನಿವಾಸ’ದ ಗೊಂಬೆಯನ್ನು ನೆನಪಿಗೆ ತರುವಂಥದು. ತಂದೆಯ ಚಿತ್ರದ ನೆನಪು ಮಗನ ಚಿತ್ರದಲ್ಲಿ, ಈಗ ಆ ಮಗನೂ ಇಲ್ಲ. ಅದನ್ನು ಅಂದು ಎಷ್ಟು ಸಲ ಹಾಕಿದೆಯೆಂದು ಕೇಳಿದೆ.

“ಒಂಬತ್ತು ಸಾರಿ ಮೇಷ್ಟ್ರೇ. ಆದ್ರೆ ಒಬ್ಬೊಬ್ರೂ ಕೇಳಿದ್ದು ಒಂದೇ ಸಾರಿ.”

ಈ ಮಾತು ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಮದುವೆಯ ಮೈಕು ನಿಂತಲ್ಲೇ ನಿಂತಿತ್ತು. ಮೆರವಣಿಗೆಯ ಡಿಜೆ ನಡೆಯುತ್ತದೆ. ಮನೆಯ ಜಗುಲಿಯಲ್ಲಿ ಮಂಗಳಾರತಿ ತಟ್ಟೆ ಹಿಡಿದು ನಿಂತ ಗೃಹಿಣಿಯ ಮುಂದೆ ಅದು ಹಾಯುವುದು ಐದೋ ಹತ್ತೋ ನಿಮಿಷ. ಆ ಬೀದಿಯ ಪಾಲಿಗೆ ಆ ಹಾಡು ಮೊದಲನೆಯದು. ಹಿಂದಿನ ಬೀದಿಗೆ ಸಿಕ್ಕಿದ್ದು ತಮಗೆ ಸಿಗದಿದ್ದರೆ ಅವರು ಬೇಸರಪಡುತ್ತಾರೆ. ಒಂಬತ್ತು ಸಲವೂ ಕೇಳಿದವರು ಅವನು, ವಾಹನದ ಚಾಲಕ ಮತ್ತು ಮುಂದೆ ಕುಣಿಯುವ ಹುಡುಗರು. ಹುಡುಗರಿಗೆ ಅದು ಸಾಲದು. ಚಾಲಕನನ್ನು ಯಾರೂ ಕೇಳುವುದಿಲ್ಲ. ಉತ್ಸವಮೂರ್ತಿಯು ಪ್ರತಿ ಮನೆಯ ಮುಂದೆ ನಿಂತು ಒಂದೇ ಬಗೆಯ ಪೂಜೆಯನ್ನು ಸ್ವೀಕರಿಸುವುದನ್ನು ಯಾರಾದರೂ ಪುನರಾವರ್ತನೆಯೆಂದು ದೂರಿದ್ದಾರೆಯೇ?

ಆದರೆ ಅವನ ಸಮರ್ಥನೆಯಲ್ಲಿ ಒಂದು ಅರ್ಧ ಮಾತ್ರ ನನಗೆ ಒಪ್ಪಿಗೆಯಾಯಿತು. ಹಾಡಿನ ಹೆಸರು ಬದಲಾದರೂ ಕೇಳುವ ಕಿವಿಗೆ ಎಲ್ಲವೂ ಒಂದೇ ಎನಿಸುವುದೇಕೆ ಎಂದು ಕೇಳಿದಾಗ ಅವನು ತನ್ನ ಲ್ಯಾಪ್‌ಟಾಪನ್ನೇ ತೆರೆದು ತೋರಿಸಿದ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಅದರೊಳಗೆ ಬೆರೆಯಬೇಕು, ಕುಣಿಯುವವರ ಹೆಜ್ಜೆ ತಪ್ಪಬಾರದು. ಅದಕ್ಕಾಗಿ ಎರಡು ಹಾಡುಗಳ ಗತಿಯೂ ಒಂದೇ ಇರಬೇಕು. ನಿಮಿಷಕ್ಕೆ ಸುಮಾರು 120ರಿಂದ 130 ಪೆಟ್ಟು. ಗತಿ ಹೊಂದದ ಹಾಡಿದ್ದರೆ ಅದನ್ನು ಎಳೆದೋ ಕುಗ್ಗಿಸಿಯೋ ಕೆಳಗೊಂದು ಡ್ರಮ್ಮಿನ ಪೆಟ್ಟನ್ನು ಕೂಡಿಸುತ್ತಾರೆ, ಅದೇ ರೀಮಿಕ್ಸ್. ನಿಧಾನಗತಿಯ ಹಾಡುಗಳು ಈ ಜರಡಿಯಲ್ಲಿ ಉಳಿಯುವುದಿಲ್ಲ. ಭಕ್ತಿಗೀತೆ, ಜನಪದ, ಪ್ರೇಮಗೀತೆ ಎಲ್ಲವೂ ಒಂದೇ ಓಟದಲ್ಲಿ ಓಡುತ್ತವೆ. ಅದರಲ್ಲೂ ಪೂರ್ತಿ ಹಾಡಿಗೆ ಅವಕಾಶವಿಲ್ಲ. ಪಲ್ಲವಿ ಮುಗಿಯುತ್ತಲೇ ಮುಂದಿನದು. ಗಂಟೆಗೆ ಐವತ್ತು ಹಾಡುಗಳ ತುಣುಕು ಕೇಳಿದರೂ ಅನುಭವ ಒಂದೇ. ನನ್ನ ಸೋದರ ಸೊಸೆಯ ದೂರು ನಿಜವಾಗಿ ಇದರ ಮೇಲಿರಬೇಕು ಎಂದು ನನ್ನ ಊಹೆ.

ಬೆಂಗಳೂರಿನಲ್ಲಿರುವ ಮೊಮ್ಮಗ ಈ ಕಲೆಯ ಹುಟ್ಟಿನ ಕಥೆಗಳನ್ನು ನನಗೆ ಓದಿಸಿದ್ದಾನೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಒಂದು ಔತಣದಲ್ಲಿ ಕೂಲ್ ಹರ್ಕ್ ಎಂಬ ಯುವಕ ಎರಡು ಯಂತ್ರಗಳಲ್ಲಿ ತಟ್ಟೆ ನುಡಿಸಿದ್ದನ್ನು ಹಿಪ್ ಹಾಪ್‌ನ ಹುಟ್ಟೆಂದು ಎಣಿಸುತ್ತಾರೆ. ಒಂದೇ ತಟ್ಟೆಯ ಎರಡು ಪ್ರತಿಗಳನ್ನಿಟ್ಟುಕೊಂಡು, ಜನ ಹುರುಪಿನಿಂದ ಕುಣಿಯುವ ವಾದ್ಯಭಾಗವನ್ನಷ್ಟೇ ಒಂದು ಮುಗಿಯುತ್ತಲೇ ಇನ್ನೊಂದರಿಂದ ಮುಂದುವರಿಸುವುದು ಆತ ರೂಢಿಸಿದ ವಿಧಾನ. ಅದೇ ನಗರದ ಪ್ಯಾರಡೈಸ್ ಗ್ಯಾರೇಜ್ ಎಂಬ ನೃತ್ಯಶಾಲೆಯಲ್ಲಿ 1987ರವರೆಗೆ ನುಡಿಸುತ್ತಿದ್ದ ಲ್ಯಾರಿ ಲೆವಾನ್, ತನಗೆ ಮೆಚ್ಚಿಕೆಯಾದ ಹೊಸ ಹಾಡನ್ನು ಜನ ಒಪ್ಪಿಕೊಳ್ಳುವವರೆಗೆ ಒಂದೇ ರಾತ್ರಿಯಲ್ಲಿ ಹಲವು ಬಾರಿ ಹಾಕುತ್ತಿದ್ದುದಕ್ಕೆ ಹೆಸರಾಗಿದ್ದರು. ಡೇವಿಡ್ ಮ್ಯಾಂಕುಸೊ ಎಂಬ ಇನ್ನೊಬ್ಬರು 1970ರಿಂದ ತಮ್ಮ ಮನೆಯಲ್ಲೇ ಕೂಟಗಳನ್ನು ನಡೆಸುತ್ತಿದ್ದರು. ಕಾಲಕ್ರಮೇಣ ಅವರು ಹಾಡುಗಳನ್ನು ಬೆರೆಸುವುದನ್ನೇ ಬಿಟ್ಟು, ಒಂದೊಂದನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿಸಿದರು. ಒಬ್ಬನದು ತುಣುಕಿನ ಪುನರಾವರ್ತನೆ, ಒಬ್ಬನದು ಹಾಡಿನ ಪುನರಾವರ್ತನೆ, ಮತ್ತೊಬ್ಬನದು ಪೂರ್ಣತೆ. ನಮ್ಮ ಮೈಕ್ ಸೆಟ್ಟಿನವನು ಮ್ಯಾಂಕುಸೊರವರ ಪಂಗಡದವನು ಎಂದೆ, ಮೊಮ್ಮಗ ನಕ್ಕ.

ನನ್ನ ಶಿಷ್ಯನ ಬುದ್ಧಿವಂತಿಕೆ ಎದ್ದು ಕಾಣುವುದು ಬೀದಿಗಳನ್ನು ಓದುವುದರಲ್ಲಿ. ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿರುವ ಪಾವಗಡಕ್ಕೆ ಹೋಗುವಾಗ ಅರ್ಧದಷ್ಟು ತೆಲುಗು ಹಾಡುಗಳಿರಬೇಕು. ಆದರೆ ಯಾವುದರ ಹಿಂದೆ ಯಾವುದು ಬಂದರೆ ಯಾರಿಗೆ ನೋವಾಗುವುದಿಲ್ಲ ಎಂಬುದನ್ನು ಅಳೆದು ತೂಗಬೇಕು. ಒಂದು ನಟನ ಹಾಡು ಮುಗಿದ ಮೇಲೆ ಇನ್ನೊಬ್ಬ ನಟನದನ್ನು ಹಾಕಿದರೆ ಅಭಿಮಾನಿಗಳ ನಡುವೆ ಕೈಕೈ ಹತ್ತುವುದುಂಟು. ಶಿರಾದಂಥ ಊರಿನಲ್ಲಿ, ಮೊಗಲರ ಕಾಲದ ಮಸೀದಿಯೂ ದರ್ಗಾವೂ ದೇವಸ್ಥಾನಗಳೂ ಒತ್ತೊತ್ತಾಗಿರುವ ಕಡೆ, ನಮಾಜಿನ ಹೊತ್ತಿಗೆ ಯಾವ ತಿರುವಿನಲ್ಲಿ ಇರುತ್ತೇವೆ, ಆಗ ಏನು ನುಡಿಯುತ್ತಿರುತ್ತದೆ ಎಂಬುದು ರಂಜನೆಯ ಪ್ರಶ್ನೆಯಲ್ಲ. ಹುಡುಗರು ಎಷ್ಟೇ ಒತ್ತಾಯಿಸಿದರೂ ಆ ತಿರುವಿಗೆ ಮೊದಲು ಸದ್ದನ್ನು ತಗ್ಗಿಸಿಯೇ ತೀರುತ್ತೇನೆಂದು ಅವನು ಹೇಳುತ್ತಾನೆ. ಇದಕ್ಕಾಗಿ ಬಾಡಿಗೆ ಮುರಿದುಕೊಂಡವರೂ ಇದ್ದಾರಂತೆ. ಒಂದು ಹಾಡನ್ನು ಹಾಕದೆ ಇರುವುದೂ ಆಯ್ಕೆಯೇ ಎಂದು ನಾನು ಅವನಿಗೆ ಪಾಠ ಹೇಳಿರಲಿಲ್ಲ, ಅವನೇ ಕಲಿತದ್ದು.

ನನ್ನ ತಕರಾರು ಇರುವುದು ಡಿಜೆ ನಿಂತಾಗ. ವೃತ್ತದಲ್ಲಿ ಎರಡು ಗಂಟೆ ವಾಹನ ನಿಂತಿತೆಂದರೆ ‘ಒಬ್ಬೊಬ್ಬರಿಗೆ ಒಂದೇ ಸಲ’ ಎಂಬ ಲೆಕ್ಕ ಅಲ್ಲಿ ನಡೆಯದು. ಆ ವೃತ್ತದ ಸುತ್ತಲಿನ ಮನೆಗಳಲ್ಲಿ ಹಾಸಿಗೆ ಹಿಡಿದವರಿರುತ್ತಾರೆ, ಹಸುಗೂಸುಗಳಿರುತ್ತವೆ, ಓದುವ ಮಕ್ಕಳಿರುತ್ತಾರೆ. ಅವರು ಎದ್ದು ಬೇರೆ ಬೀದಿಗೆ ಹೋಗುವಂತಿಲ್ಲ. ಕಾನೂನು ಇಲ್ಲವೆಂದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಬ್ಬಗಳಿಗಾಗಿ ವರ್ಷಕ್ಕೆ ಹೆಚ್ಚೆಂದರೆ 15 ದಿನ ನಡುರಾತ್ರಿಯವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. 2005ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಎದೆಯ ಗೂಡು ನಡುಗುವ ಆ ಸದ್ದಿನ ಮುಂದೆ ನಿಂತು ಯಾರು ಅಳೆಯುತ್ತಾರೆ ಹೇಳಿ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಹತ್ತಿರದ್ದು. ಮೊದಲು ಈ ಮೆರವಣಿಗೆಗಳ ಮುಂದೆ ಇದ್ದವರು ತಮಟೆಯವರು. ಅವರ ಕೈಯಲ್ಲಿದ್ದುದು ಒಂದು ಚರ್ಮ, ಎರಡು ಕಡ್ಡಿ. ಹಾಡೇ ಇಲ್ಲ, ಮಾತೇ ಇಲ್ಲ. ಹೊರಗಿನವರ ಕಿವಿಗೆ ಅದು ಬರಿಯ ಪುನರಾವರ್ತನೆ. ಹುಲ್ಲಿನ ಉರಿಗೆ ಹಿಡಿದು ಚರ್ಮವನ್ನು ಬಿಗಿಗೊಳಿಸಿ ಬಾರಿಸಲು ಆರಂಭಿಸಿದರೆ, ದೇವರು ಹೊರಡುವಾಗ ಒಂದು ವರಸೆ, ನಡೆಯುವಾಗ ಒಂದು, ಕುಣಿತಕ್ಕೆ ಒಂದು, ಸಾವಿಗೆ ಬೇರೆಯೇ ಒಂದು. ಮನೆಯೊಳಗಿದ್ದವರು ಸದ್ದಿನಿಂದಲೇ ಹೊರಗೆ ಏನಾಗುತ್ತಿದೆಯೆಂದು ತಿಳಿಯುತ್ತಿದ್ದರು. ಸಾವಾದ ಮನೆಯ ಮುಂದೆ ಬಂದಾಗ ಕಡ್ಡಿಗಳು ತಾವಾಗಿ ಸುಮ್ಮನಾಗುತ್ತಿದ್ದವು, ಯಾರೂ ಹೇಳಬೇಕಾಗಿರಲಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾನು ಸಂತೋಷಪಟ್ಟೆ. ಆದರೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಮೇಜಿನ ಮೇಲೆ ಬೆರಳಾಡಿಸಿ ಬೈಸಿಕೊಳ್ಳುತ್ತಿದ್ದ ಮಕ್ಕಳಲ್ಲಿ ಇಬ್ಬರು ತಮಟೆಯವರ ಮನೆಯವರು. ಅವರಲ್ಲೊಬ್ಬ ಈಗ ಬೆಂಗಳೂರಿನ ಕಟ್ಟಡವೊಂದರಲ್ಲಿ ಕಾವಲುಗಾರ, ಇನ್ನೊಬ್ಬ ನನ್ನ ಶಿಷ್ಯನ ಡಿಜೆಯಲ್ಲಿ ಕೇಬಲ್ ಎಳೆಯುತ್ತಾನೆ.

ಇದನ್ನೇ ನಾನು ಶಿಷ್ಯನಿಗೆ ಹೇಳಿದೆ: “ಅಲ್ಲಯ್ಯಾ, ಸಾವಿರ ಹಾಡು ಇಟ್ಟುಕೊಂಡು ಒಂದೇ ಪೆಟ್ಟು ಹೊಡೆಸ್ತೀಯೆ, ನಿನ್ನ ಕೇಬಲ್ ಎಳೆಯೋನ ಕೈಯಲ್ಲಿ ಒಂದೇ ಚರ್ಮದಲ್ಲಿ ಅಷ್ಟು ಬಗೆ ಇದೆಯಲ್ಲ.” ಅವನು ತಕ್ಷಣ ಉತ್ತರಿಸಲಿಲ್ಲ. ಕಾಫಿ ಕುಡಿದು ಲೋಟ ಕೆಳಗಿಟ್ಟು, “ಕೆರೆ ಏರಿ ಮೇಲೆ ನಮ್ಮ ಗಾಡಿ ಹೋಗಲ್ಲ ಮೇಷ್ಟ್ರೇ, ದಾರಿ ಇಕ್ಕಟ್ಟು. ಅಲ್ಲಿಂದ ನೀರಿನ ತನಕ ಸುಮ್ನೆ ನಡ್ಕೊಂಡೇ ಹೋಗ್ತಾರೆ” ಎಂದ.

ಮುಂದಿನ ವರ್ಷ ಏರಿಯ ಮೇಲೆ ತಮಟೆ ಇತ್ತು. ಸುಮಾರು ಕಾಲು ಗಂಟೆಯ ದಾರಿ. ಕೇಬಲ್ ಎಳೆಯುವವನೇ ಮನೆಯಿಂದ ತನ್ನ ತಂದೆಯ ತಮಟೆಯನ್ನು ತಂದು, ಇನ್ನಿಬ್ಬರನ್ನು ಜೊತೆಗೆ ಕರೆತಂದಿದ್ದ. ಕುಣಿಯುವ ಹುಡುಗರು ಮೊದಲು ಹೆಜ್ಜೆ ಹಿಡಿಯಲಾರದೆ ಎಡವಿದರು. ಪೆಟ್ಟು ಬದಲಾಗುತ್ತಲೇ ಇತ್ತು. ಈಗ ಅದು ನಡೆದುಕೊಂಡು ಬಂದಿದೆ. ಅವರಿಗೆ ಕೊಡುವ ಹಣ ಡಿಜೆಯ ಬಾಡಿಗೆಯಲ್ಲಿ ಸೇರಬೇಕೋ, ಬೇರೆಯಾಗಿ ಚಂದಾದಿಂದ ಕೊಡಬೇಕೋ ಎಂಬುದು ಯುವಕ ಸಂಘದಲ್ಲಿ ಇನ್ನೂ ತೀರ್ಮಾನವಾಗಿಲ್ಲ.