ಅರಸೀಕೆರೆಯಲ್ಲಿ ಇಳಿದರೆ ಚಿಕ್ಕಮ್ಮನ ಮನೆ

ಬೇಲೂರು, ಹಳೇಬೀಡು ಅಂತ ವೀಕೆಂಡಿಗೆ ಹೊರಡುವ ಬೆಂಗಳೂರಿನವರು ಅರಸೀಕೆರೆಯಲ್ಲಿ ಕಾಫಿ ಕುಡಿದು ಮುಂದಕ್ಕೆ ಹೋಗಿಬಿಡ್ತಾರೆ. ಕೊಬ್ಬರಿ ಮಂಡಿ, ರೈಲ್ವೆ ಜಂಕ್ಷನ್, ಇನ್ನೇನಿದೆ ಅನ್ನೋ ಭಾವನೆ. ಸ್ವಲ್ಪ ಒಳಗೆ ಬಂದರೆ 1220ರ ಶಿವಾಲಯ ಇದೆ. ಅದರ ನಕ್ಷತ್ರಾಕಾರದ ಮುಖಮಂಟಪದಂಥದ್ದು ಬೇಲೂರಲ್ಲೂ ಸಿಗಲ್ಲ. ಗೈಡ್ ಕಾಟ ಇಲ್ಲ, ಸೆಲ್ಫಿ ಗಲಾಟೆ ಇಲ್ಲ. ನನ್ನ ಮಟ್ಟಿಗೆ ಈ ಪ್ರವಾಸ ಅಲ್ಲಿಂದಲೇ ಶುರುವಾಗಬೇಕು.

ಈ ಸಲ ನಾನು ಹೋಗಿದ್ದು ಮಾತ್ರ ಚಿಕ್ಕಮ್ಮನ ಜೊತೆ ಕೋರ್ಟಿಗೆ. ಹೋದ ವರ್ಷ ತೋಟದಿಂದ ಸ್ಕೂಟರಿನಲ್ಲಿ ಬರ್ತಿದ್ದಾಗ, ದೇವಸ್ಥಾನ ನೋಡಿಕೊಂಡು ವಾಪಸ್ ಹೊರಟಿದ್ದ ಒಂದು ಕಾರು ಹಿಂದಿನಿಂದ ಗುದ್ದಿತು. ತೊಡೆ ಮೂಳೆ ಮುರಿಯಿತು. ರಾಡ್ ಹಾಕಿದ್ದಾರೆ. ಕಾರಿನವರು ಕೆಟ್ಟವರೇನಲ್ಲ, ಆಸ್ಪತ್ರೆಗೆ ಅವರೇ ಕರ್ಕೊಂಡು ಹೋದರು. ಮಾರನೇ ದಿನ ಮಾತ್ರ ಮೂವತ್ತು ಸಾವಿರ ರೂಪಾಯಿ ಮತ್ತು ಒಂದು ಖಾಲಿ ಬಿಳಿ ಹಾಳೆ ಹಿಡಿದುಕೊಂಡು ಬಂದರು. ‘ಆಂಟಿ, ಒಂದು ಸಹಿ ಹಾಕಿ ಸಾಕು, ಕಂಪ್ಲೇಂಟ್ ಎಲ್ಲ ಯಾಕೆ?’

ಚಿಕ್ಕಮ್ಮ ನನಗೆ ಫೋನ್ ಮಾಡಿ, ‘ಹೋಗ್ಲಿ ಬಿಡು ಕಣೋ, ನಮ್ಮ ಗ್ರಹಚಾರ’ ಅಂದರು. ಅವತ್ತು ಅವರಿಗೆ ಗೊತ್ತಿಲ್ಲದೇ ಇದ್ದದ್ದು ಒಂದೇ. ಪರಿಹಾರ ಆ ಹುಡುಗರ ಜೇಬಿನಿಂದ ಬರಬೇಕಾಗಿಲ್ಲ. ರಸ್ತೆಗಿಳಿಯುವ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಕೊಡಬೇಕಾದದ್ದು ವಿಮಾ ಕಂಪನಿ. ಆದರೆ ದೂರು ದಾಖಲಾಗದಿದ್ದರೆ ಆ ದಾರಿ ಬಹಳ ಕಷ್ಟ. ಖಾಲಿ ಹಾಳೆಯ ಮೇಲಿನ ಸಹಿ ಆಮೇಲೆ ನಮ್ಮ ವಿರುದ್ಧವೇ ವಾದಕ್ಕೆ ಬರುತ್ತೆ. ಆಸ್ಪತ್ರೆಯಲ್ಲಿ ಎಂಎಲ್‌ಸಿ ಬರೆಸಿದ್ದು ನಮ್ಮ ಪುಣ್ಯ. ಅದೇ ದಿನ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿದೆವು. ಅಪಘಾತ ಮಾಡಿದ ಚಾಲಕನಿಗೂ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವ, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವ ಹೊಣೆ ಇದೆ, ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ನು ಹೇಳೋದು ಅದನ್ನೇ.

ಕೋರ್ಟ್ ಮುಗಿಸಿ ಬಾಣಾವರ, ಜಾವಗಲ್ ಮೇಲೆ ಹಳೇಬೀಡಿಗೆ ಹೊರಟೆವು. ಬಾಣಾವರದ ಹತ್ತಿರ ಗಾಂಧಿನಗರ ಬಂದಾಗ ಚಿಕ್ಕಮ್ಮ ಮಾತು ನಿಲ್ಲಿಸಿದರು. 2022ರ ಅಕ್ಟೋಬರ್ 15ರ ರಾತ್ರಿ, ಧರ್ಮಸ್ಥಳ ಕಡೆಯಿಂದ ದರ್ಶನ ಮುಗಿಸಿ ಬರ್ತಿದ್ದ ಬಂಧುಗಳ ಟೆಂಪೊ ಟ್ರಾವೆಲರ್ ಇಲ್ಲಿ ಹಾಲಿನ ಟ್ಯಾಂಕರಿಗೂ ಕೆಎಸ್‌ಆರ್‌ಟಿಸಿ ಬಸ್ಸಿಗೂ ನಡುವೆ ಸಿಕ್ಕಿ 9 ಜನ ತೀರಿಕೊಂಡರು. ಮಕ್ಕಳೂ ಇದ್ದರು. ಇಂಥ ದುರಂತದಲ್ಲಿ ಸರ್ಕಾರ ಘೋಷಿಸುವ ಹಣ ನೆರವು ಮಾತ್ರ. ಕಾನೂನು ಪ್ರಕಾರದ ಪರಿಹಾರ ಬೇರೆ, ಅದಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಎಷ್ಟೋ ಮನೆಯವರು ಎರಡೂ ಒಂದೇ ಅಂದುಕೊಂಡು ಸುಮ್ಮನಾಗ್ತಾರೆ.

ಅರ್ಜಿಯನ್ನು ಅಪಘಾತ ಆದ ಊರಲ್ಲೇ ಹಾಕಬೇಕು ಅಂತೇನಿಲ್ಲ. ನೀವು ವಾಸ ಮಾಡುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು, ಅಂದರೆ ಬೇಲೂರಲ್ಲಿ ಪೆಟ್ಟಾದ ಬೆಂಗಳೂರಿನವರು ವಾಯಿದೆ ವಾಯಿದೆಗೂ ಹಾಸನ ಜಿಲ್ಲೆಗೆ ಓಡಬೇಕಿಲ್ಲ. 2022ರ ಏಪ್ರಿಲ್‌ನಿಂದ ಇದಕ್ಕೆ 6 ತಿಂಗಳ ಮಿತಿ ಬಂದಿದೆ. ಆ ಮಿತಿಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ, ಆದರೂ ಯಾಕೆ ರಿಸ್ಕ್? ಎಫ್‌ಐಆರ್ ಪ್ರತಿ, ಮಹಜರು, ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ, ಮೆಡಿಕಲ್ ಶಾಪಿನ ಪ್ರತಿ ಚೀಟಿ, ಎಲ್ಲ ಒಂದು ಫೈಲಿಗೆ ಸೇರಿಸಿಡಿ. ಗುದ್ದಿದ ಗಾಡಿಯ ನಂಬರ್ ಎಂಪರಿವಾಹನ್ ಆ್ಯಪ್‌ಗೆ ಹಾಕಿದರೆ ವಿಮೆ ಇದೆಯೋ ಇಲ್ಲವೋ ಅಲ್ಲೇ ಕಾಣುತ್ತೆ.

‘ನಾನೇನು ಸಂಬಳ ತಗೋತೀನಾ, ನಂಗೆ ಯಾವ ಪರಿಹಾರ?’ ಇದು ಚಿಕ್ಕಮ್ಮನ ಇನ್ನೊಂದು ಅನುಮಾನ. 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಗೃಹಿಣಿಯ ದುಡಿಮೆಗೂ ಆದಾಯ ಲೆಕ್ಕ ಹಿಡಿಯಬೇಕು. ಮೂರು ತಿಂಗಳು ಚಿಕ್ಕಪ್ಪ ಸುಟ್ಟ ಮುದ್ದೆ ಉಂಡ ನಮಗೆ ಈ ತೀರ್ಪಿನ ಅರ್ಥ ವಿವರಿಸಬೇಕಾಗಿಲ್ಲ!

ಇನ್ನು, ದಾರೀಲಿ ಬಿದ್ದವರನ್ನು ನೋಡಿ ‘ಪೊಲೀಸ್, ಕೋರ್ಟು ತಲೆನೋವು’ ಅಂತ ಮುಂದೆ ಹೋಗುವವರಿಗೆ ಒಂದು ಮಾತು. 2016ರಲ್ಲಿ ನೆಲಮಂಗಲದ ಹತ್ತಿರ ದೇಹ ಎರಡು ತುಂಡಾಗಿ ಬಿದ್ದಿದ್ದರೂ ಅಂಗದಾನ ಮಾಡಿ ಅಂದ ಹರೀಶ್ ಅವರ ಹೆಸರಲ್ಲಿ ಸರ್ಕಾರ ‘ಹರೀಶ್ ಸಾಂತ್ವನ’ ಯೋಜನೆ ತಂದಿತು. ಈಗ ಕಾಯ್ದೆಯ 134ಎ ಸೆಕ್ಷನ್ ಸಹಾಯಕ್ಕೆ ಬಂದವರಿಗೆ ರಕ್ಷಣೆ ಕೊಡುತ್ತೆ. ಹೆಸರು, ವಿಳಾಸ ಕೊಡಲೇಬೇಕು ಅಂತ ನಿಮ್ಮನ್ನು ಬಲವಂತ ಮಾಡೋ ಹಾಗಿಲ್ಲ. 2025ರ ಕೇಂದ್ರದ ಯೋಜನೆಯಲ್ಲಿ ಗಾಯಾಳುವಿಗೆ 7 ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯೂ ಇದೆ. 112ಕ್ಕೆ ಫೋನ್ ಮಾಡಿ, ನಿಂತುಕೊಳ್ಳಿ.

ಹಳೇಬೀಡಿನಿಂದ ಬೇಲೂರಿಗೆ 16 ಕಿಲೋಮೀಟರ್. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಕಾರುಗಳು ಜಾಸ್ತಿ, ಟ್ರ್ಯಾಕ್ಟರು ಮೊದಲಿನಷ್ಟೇ. ಕತ್ತಲಾದ ಮೇಲೆ ನಾನಂತೂ ಆ ರಸ್ತೆಯಲ್ಲಿ ಓಡಿಸಲ್ಲ. ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಮೂರ್ತಿಗಳ ಕೆಳಗೆ ಶಿಲ್ಪಿಗಳು ಹೆಸರು ಕೆತ್ತಿದ್ದಾರೆ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅದನ್ನು ತೋರಿಸಿದೆ. ‘ಇವರೂ ಕೆಲಸ ಮುಗಿದ ಮೇಲೇ ಸಹಿ ಹಾಕಿದಾರೆ ನೋಡು’ ಅಂತ ನಕ್ಕರು ಚಿಕ್ಕಮ್ಮ. ಊರುಗೋಲು ಹಿಡಿದು ಜಗತಿಯ ಮೆಟ್ಟಿಲನ್ನು ಒಂದೊಂದಾಗಿ ಇಳಿದರು. ವಿಮಾ ಕಂಪನಿಗೆ ನೋಟಿಸ್ ಹೋಗಿದೆ, ಮುಂದಿನ ವಾಯಿದೆ ಬರುವ ತಿಂಗಳು.